ನಿತ್ಯ ವ್ಯಾಯಾಮ ಮಾಡುವವರು ದಿನಕ್ಕೆ ಎಷ್ಟು ನೀರು ಕುಡಿಯಬೇಕು? ಮುಂಬಯಿ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಮಾಟುಂಗದ ಫೈವ್ ಗಾರ್ಡನ್ಸ್ ಸುತ್ತ ಬೆಳಗ್ಗೆ ಐದೂವರೆಗೆ ನಡೆಯುವ, ಓಡುವ ನಮ್ಮ ಗುಂಪಿನಲ್ಲಿ ಬ್ಯಾಂಕಿನಿಂದ ನಿವೃತ್ತರಾದವರಿದ್ದಾರೆ, ಹೋಟೆಲು ನಡೆಸುವವರಿದ್ದಾರೆ, ಭಾನುವಾರಕ್ಕೊಮ್ಮೆ ಡೊಂಬಿವಲಿಯಿಂದ ಮೊದಲ ರೈಲು ಹಿಡಿದು ಬರುವ ಹುಡುಗಿಯರಿದ್ದಾರೆ. ಒಬ್ಬರ ಊರು ಕುಂದಾಪುರ, ಇನ್ನೊಬ್ಬರದು ಧಾರವಾಡ, ಮತ್ತೊಬ್ಬರದು ಕಲಬುರಗಿ. ಊರು ಯಾವುದೇ ಇರಲಿ, ಗುಂಪಿಗೆ ಹೊಸದಾಗಿ ಸೇರಿದವರು ಮೊದಲ ವಾರದಲ್ಲೇ ನೀರಿನ ವಿಷಯ ತೆಗೆಯುತ್ತಾರೆ. ನಾನು ವೈದ್ಯನಲ್ಲ; ಹನ್ನೆರಡು ವರ್ಷಗಳಿಂದ ದೂರದ ಓಟ ಓಡುತ್ತಾ, ಈ ವಿಷಯದಲ್ಲಿ ಬಲ್ಲವರು ಬರೆದದ್ದನ್ನು ಓದುತ್ತಾ, ನಡುವೆ ಒಂದೆರಡು ಸಲ ಎಡವಿದವನು. ಗುಂಪಿನಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಸುತ್ತು ಬಳಸಿ ಹೇಳುವುದು ಬೇಡ. ದಿನಕ್ಕೆ ಎಷ್ಟು ಲೀಟರ್?

ಅರುವತ್ತರಿಂದ ಎಪ್ಪತ್ತು ಕಿಲೋ ತೂಕದ, ದಿನಕ್ಕೆ ಸುಮಾರು ಒಂದು ಗಂಟೆ ಚೆನ್ನಾಗಿ ಬೆವರುವಂತೆ ವ್ಯಾಯಾಮ ಮಾಡುವ ಆರೋಗ್ಯವಂತರಿಗೆ ಮುಂಬಯಿಯ ಹವೆಯಲ್ಲಿ ನೀರು, ಮಜ್ಜಿಗೆ, ಚಹಾ ಎಲ್ಲ ಸೇರಿ ಎರಡೂವರೆಯಿಂದ ಮೂರೂವರೆ ಲೀಟರ್ ಸಾಕಾಗುತ್ತದೆ ಎಂಬುದು ನನ್ನ ಅಂದಾಜು. ಇಷ್ಟು ಅಗಲವಾದ ಅಂದಾಜು ಉಪಯೋಗಕ್ಕೆ ಬರುವುದಿಲ್ಲ ಎಂದು ನಿಮಗೆ ಅನ್ನಿಸಿದರೆ ಅದು ಸರಿಯೇ. ಒಂದೇ ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿದ ಇಬ್ಬರಲ್ಲಿ ಒಬ್ಬರು ಗಂಟೆಗೆ ಅರ್ಧ ಲೀಟರ್ ಬೆವರಿದರೆ ಇನ್ನೊಬ್ಬರು ಎರಡು ಲೀಟರ್‌ವರೆಗೂ ಬೆವರಬಹುದು. ಆದ್ದರಿಂದ ನಿಮ್ಮ ಅಂಕಿ ಯಾವುದು ಎಂಬುದನ್ನು ನೀವೇ ಅಳೆದು ನೋಡಬೇಕಾಗುತ್ತದೆ. ಅದರ ವಿಧಾನವನ್ನು ಕೆಳಗೆ ವಿವರಿಸಿದ್ದೇನೆ.

ಪ್ರಕಟವಾದ ಅಂಕಿಗಳನ್ನು ಓದುವಾಗ ಒಂದು ಎಚ್ಚರ ಬೇಕು. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2004ರಲ್ಲಿ ಗಂಡಸರಿಗೆ 3.7 ಲೀಟರ್, ಹೆಂಗಸರಿಗೆ 2.7 ಲೀಟರ್ ಎಂದು ಹೇಳಿತು. ಯುರೋಪಿನ ಆಹಾರ ಸುರಕ್ಷಾ ಪ್ರಾಧಿಕಾರ 2010ರಲ್ಲಿ ಕ್ರಮವಾಗಿ 2.5 ಮತ್ತು 2 ಲೀಟರ್ ಎಂದಿತು. ಎರಡೂ ಕಡೆ ಲೆಕ್ಕ ಹಾಕಿರುವುದು ಒಟ್ಟು ನೀರನ್ನು, ಅಂದರೆ ಊಟದೊಳಗಿನ ನೀರೂ ಅದರಲ್ಲಿ ಸೇರಿದೆ. ಅಮೆರಿಕದವರ ಊಟದಿಂದಲೇ ಒಟ್ಟು ನೀರಿನ ಐದನೆಯ ಒಂದು ಪಾಲು ಬರುತ್ತದೆಯಂತೆ. ಬೇಯಿಸಿದ ಅನ್ನದ ತೂಕದಲ್ಲಿ ಸುಮಾರು ಮೂರನೆಯ ಎರಡು ಪಾಲು ನೀರೇ ಇರುವಾಗ, ಅದರ ಮೇಲೆ ಸಾರು, ಮಜ್ಜಿಗೆ, ಸೌತೆಕಾಯಿ ಹುಳಿ ಇರುವ ನಮ್ಮ ಊಟದಿಂದ ಅದಕ್ಕಿಂತ ಹೆಚ್ಚೇ ಬಂದೀತು. ಮಧ್ಯಾಹ್ನ ವಡಾ ಪಾವ್, ರಾತ್ರಿ ಒಣ ಚಪಾತಿ ಪಲ್ಯದಲ್ಲಿ ದಿನ ಕಳೆಯುವವರಿಗೆ ಆ ಪಾಲು ಕಡಿಮೆಯಾಗುತ್ತದೆ, ಅವರು ಲೋಟದಿಂದಲೇ ಅದನ್ನು ತುಂಬಿಕೊಳ್ಳಬೇಕು.

ಹಾಗಾದರೆ ದಿನಕ್ಕೆ ಎಂಟು ಲೋಟ ಎಂಬ ನಿಯಮ ಎಲ್ಲಿಂದ ಬಂತು?

ಇದರ ಬೇರನ್ನು ಹಲವರು 1945ರಷ್ಟು ಹಿಂದಕ್ಕೆ ಹುಡುಕಿದ್ದಾರೆ. ಆ ವರ್ಷ ಅಮೆರಿಕದ ಫುಡ್ ಆಂಡ್ ನ್ಯೂಟ್ರಿಷನ್ ಬೋರ್ಡ್, ದೊಡ್ಡವರಿಗೆ ದಿನಕ್ಕೆ ಸುಮಾರು ಎರಡೂವರೆ ಲೀಟರ್ ನೀರು ಬೇಕು ಎಂದು ಬರೆಯಿತು. ಅದರ ಹಿಂದೆಯೇ, ಇದರಲ್ಲಿ ಬಹುಪಾಲು ತಯಾರಿಸಿದ ಆಹಾರದಲ್ಲೇ ಇರುತ್ತದೆ ಎಂಬ ವಾಕ್ಯವೂ ಇತ್ತು. ಮೊದಲ ವಾಕ್ಯ ಲೋಕಸಂಚಾರಕ್ಕೆ ಹೊರಟಿತು, ಎರಡನೆಯದು ಅಲ್ಲೇ ಉಳಿಯಿತು. ಮೂತ್ರಪಿಂಡ ತಜ್ಞ ಹೈಂಜ್ ವಾಲ್ಟಿನ್ 2002ರಲ್ಲಿ ಈ ನಿಯಮಕ್ಕೆ ಆಧಾರ ಹುಡುಕಲು ಹೊರಟು, ಆರೋಗ್ಯವಂತ ಜನರೆಲ್ಲರಿಗೂ ಅನ್ವಯಿಸುವಂಥ ವೈಜ್ಞಾನಿಕ ಪುರಾವೆ ಸಿಗಲಿಲ್ಲ ಎಂದು ಬರೆದರು. ಎಂಟು ಲೋಟ ಕುಡಿಯುವುದರಿಂದ ಹೆಚ್ಚಿನವರಿಗೆ ಕೇಡೇನೂ ಇಲ್ಲ. ಆದರೆ ಅಕ್ಟೋಬರ್‌ನಲ್ಲಿ ಒಂದೂವರೆ ಗಂಟೆ ಓಡುವವರಿಗೆ ಅದು ಸಾಲದು, ಹವಾನಿಯಂತ್ರಿತ ಕಚೇರಿಯಲ್ಲಿ ಕುಳಿತು ಸಂಜೆ ಇಪ್ಪತ್ತು ನಿಮಿಷ ನಡೆಯುವವರು ಲೋಟ ಎಣಿಸುವ ಅಗತ್ಯವೇ ಇಲ್ಲ.

ನನ್ನ ಬೆವರು ಎಷ್ಟೆಂದು ಅಳೆಯುವುದು ಹೇಗೆ?

ಮನೆಯಲ್ಲಿ ತೂಕದ ಯಂತ್ರ ಇದ್ದರೆ ಸಾಕು. ವ್ಯಾಯಾಮಕ್ಕೆ ಮೊದಲು ಮೂತ್ರ ವಿಸರ್ಜಿಸಿ, ಆದಷ್ಟು ಕಡಿಮೆ ಬಟ್ಟೆಯಲ್ಲಿ ತೂಕ ನೋಡಿ ಬರೆದಿಟ್ಟುಕೊಳ್ಳಿ. ಮುಗಿಸಿ ಬಂದ ಮೇಲೆ ಬೆವರು ಒರೆಸಿಕೊಂಡು, ಒದ್ದೆ ಬಟ್ಟೆ ತೆಗೆದು, ಮತ್ತೆ ತೂಕ ನೋಡಿ. ಎರಡರ ವ್ಯತ್ಯಾಸಕ್ಕೆ ನಡುವೆ ಕುಡಿದ ನೀರನ್ನು ಕೂಡಿಸಿದರೆ ಬೆವರಿನ ಮೊತ್ತ ಸಿಗುತ್ತದೆ. ಒಂದು ಕಿಲೋ ಎಂದರೆ ಒಂದು ಲೀಟರ್ ಎಂದು ಹಿಡಿದರೆ ನಮ್ಮ ಕೆಲಸಕ್ಕೆ ಧಾರಾಳವಾಗಿ ಸಾಕು.

ನನ್ನದೇ ಲೆಕ್ಕವನ್ನು ಮುಂದಿಡುತ್ತೇನೆ. ಅಕ್ಟೋಬರ್‌ನ ಒಂದು ಭಾನುವಾರ ಫೈವ್ ಗಾರ್ಡನ್ಸ್‌ನಿಂದ ಶಿವಾಜಿ ಪಾರ್ಕಿಗೆ ಹೋಗಿ, ಅಲ್ಲಿ ಸುತ್ತು ಹಾಕಿ ಮರಳುವಷ್ಟರಲ್ಲಿ ಎಪ್ಪತ್ತು ನಿಮಿಷಗಳಾಗಿದ್ದವು. ಹೊರಡುವಾಗ ತೂಕ 68.4 ಕಿಲೋ, ಬಂದಾಗ 67.0 ಕಿಲೋ, ದಾರಿಯಲ್ಲಿ ಕುಡಿದದ್ದು 300 ಮಿಲಿಲೀಟರ್. ಅಂದರೆ ಬೆವರಿದ್ದು 1.7 ಲೀಟರ್, ಗಂಟೆಗೆ ಸುಮಾರು ಒಂದೂವರೆ ಲೀಟರ್. ಕುತೂಹಲಕ್ಕೆ ಬನಿಯನ್ನನ್ನು ಅಡುಗೆಮನೆಯ ತಕ್ಕಡಿಗೆ ಹಾಕಿದೆ. ಒಣಗಿದ್ದಾಗ 120 ಗ್ರಾಂ ಇದ್ದದ್ದು 390 ಗ್ರಾಂ ತೂಗಿತು, ಅಂದರೆ ಒಂದು ದೊಡ್ಡ ಲೋಟದಷ್ಟು ಬೆವರು ಬಟ್ಟೆಯಲ್ಲೇ ಕುಳಿತಿತ್ತು. ಆ ತಕ್ಕಡಿಯನ್ನು ಮತ್ತೆ ಮುಟ್ಟಕೂಡದೆಂದು ಮನೆಯಲ್ಲಿ ಆಜ್ಞೆಯಾಗಿದೆ. ಅದೇ ದಾರಿಯನ್ನು ಅಷ್ಟೇ ಹೊತ್ತಿನಲ್ಲಿ ಜನವರಿಯಲ್ಲಿ ಓಡಿದಾಗ, ಅಷ್ಟೇ ನೀರು ಕುಡಿದೂ, ಇಳಿದದ್ದು 700 ಗ್ರಾಂ ಮಾತ್ರ.

ಓಟದ ಕೊನೆಯಲ್ಲಿ ತೂಕ ಎಷ್ಟು ಇಳಿದಿರಬಹುದು? ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ 2007ರಲ್ಲಿ ಪ್ರಕಟಿಸಿದ ನಿಲುವಿನ ಪ್ರಕಾರ ಶೇಕಡಾ 2ಕ್ಕಿಂತ ಹೆಚ್ಚು ಇಳಿಯದಂತೆ ನೋಡಿಕೊಳ್ಳಬೇಕು. 68 ಕಿಲೋದವರಿಗೆ ಅದು ಸುಮಾರು 1.36 ಕಿಲೋ. ಅಕ್ಟೋಬರ್‌ನ ಆ ದಿನ ನಾನು ಗೆರೆಯನ್ನು ಕೂದಲೆಳೆಯಷ್ಟು ದಾಟಿದ್ದೆ. ಇಳಿದ ಅಷ್ಟನ್ನೂ ಓಡುತ್ತಿರುವಾಗಲೇ ತುಂಬಿಸಬೇಕೆಂದು ಯಾರೂ ಹೇಳುವುದಿಲ್ಲ. ಅದು ಸಾಧ್ಯವೂ ಅಲ್ಲ, ಹೊಟ್ಟೆ ಕುಲುಕಾಡುತ್ತದೆ. ವರ್ಷಕ್ಕೆ ಮೂರು ಸಲ, ಅಂದರೆ ಜನವರಿಯಲ್ಲಿ, ಮೇ ತಿಂಗಳಲ್ಲಿ ಮತ್ತು ಅಕ್ಟೋಬರ್‌ನಲ್ಲಿ, ಹೀಗೆ ಅಳೆದುಕೊಂಡರೆ ಉಳಿದ ದಿನಗಳಲ್ಲಿ ತಕ್ಕಡಿಯ ಗೊಡವೆ ಬೇಕಾಗುವುದಿಲ್ಲ.

ಬೆಂಗಳೂರಿನಲ್ಲಿ ಓಡುವಾಗ ಇಷ್ಟು ಬೆವರುತ್ತಿರಲಿಲ್ಲ. ಮುಂಬಯಿಯಲ್ಲಿ ಏಕೆ ಹೀಗೆ?

ಬೆವರು ಮೈಯನ್ನು ತಂಪು ಮಾಡುವುದು ಅದು ಆರಿದಾಗ. ಒಂದು ಲೀಟರ್ ಬೆವರು ಪೂರ್ತಿಯಾಗಿ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿಯಷ್ಟು ಶಾಖವನ್ನು ಮೈಯಿಂದ ಎತ್ತಿಕೊಂಡು ಹೋಗುತ್ತದೆ. ಧಾರವಾಡದ ಒಣಗಾಳಿಯಲ್ಲಿ ಬೆವರು ಕಣ್ಣಿಗೆ ಬೀಳುವ ಮುಂಚೆಯೇ ಆರಿಹೋಗುತ್ತದೆ, ಅದರ ಪೂರ್ತಿ ಲಾಭ ಮೈಗೆ ಸಿಗುತ್ತದೆ. ಇಲ್ಲಿಯ ಗಾಳಿಯಾದರೋ ಸಮುದ್ರದ ನೀರಾವಿಯನ್ನು ಹೊತ್ತುಕೊಂಡೇ ಬರುವುದರಿಂದ ಬೆವರು ಆರದೆ ಮೊಣಕೈಯಿಂದ ತೊಟ್ಟಿಕ್ಕುತ್ತದೆ, ಹಾಗೆ ತೊಟ್ಟಿಕ್ಕಿದ ಬೆವರಿನಿಂದ ತಂಪಾಗುವುದು ನೆಲವೇ ಹೊರತು ನಾವಲ್ಲ. ಮೈ ತಣಿಯದ ಕಾರಣ ದೇಹ ಇನ್ನಷ್ಟು ಬೆವರು ಸುರಿಸುತ್ತದೆ. ಕರಾವಳಿಯವರು ಉರಿ ಬಿಸಿಲನ್ನೂ ಸೆಕೆಯನ್ನೂ ಬೇರೆ ಬೇರೆ ಮಾತುಗಳಲ್ಲಿ ಹೇಳುವುದು ಸುಮ್ಮನೆ ಅಲ್ಲ. ಮುಂಬಯಿಯದ್ದು ಅಪ್ಪಟ ಸೆಕೆ.

ಮಳೆಗಾಲದಲ್ಲಿ ಹವೆ ತಂಪಾಗಿದೆ ಎಂಬ ಭ್ರಮೆಯಲ್ಲಿ ಹಲವರು ನೀರನ್ನು ಮರೆಯುತ್ತಾರೆ. ಜುಲೈನಲ್ಲಿ ಮಳೆಯಲ್ಲಿ ನೆನೆದು ಬಂದವರಿಗೆ ಬನಿಯನ್ನಿನಲ್ಲಿರುವುದು ಮಳೆಯ ನೀರೋ ಬೆವರೋ ಗೊತ್ತಾಗುವುದೇ ಇಲ್ಲ. ಈಜುವವರದ್ದೂ ಅದೇ ಕಥೆ; ಕೊಳದ ನೀರಿನಲ್ಲಿದ್ದರೂ ಮೈ ಬೆವರುತ್ತಲೇ ಇರುತ್ತದೆ.

ಒಂದು ಸಮಾಧಾನದ ಸಂಗತಿಯೂ ಇದೆ. ಸೆಕೆಯಲ್ಲಿ ಹತ್ತರಿಂದ ಹದಿನಾಲ್ಕು ದಿನ ಹಿತಮಿತವಾಗಿ ವ್ಯಾಯಾಮ ಮಾಡಿದರೆ ದೇಹ ಒಗ್ಗಿಕೊಳ್ಳುತ್ತದೆ. ರಕ್ತದ ದ್ರವಾಂಶ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ. ಬೆವರಿನ ಮೊತ್ತ ಮಾತ್ರ ಇಳಿಯುವುದಿಲ್ಲ, ಹೆಚ್ಚುವುದೂ ಉಂಟು. ಆದ್ದರಿಂದ ಒಗ್ಗಿಕೊಂಡವರಿಗೆ ನೀರು ಕಡಿಮೆ ಸಾಕೆಂಬ ಮಾತು ತಪ್ಪು.

ವ್ಯಾಯಾಮಕ್ಕೆ ಮೊದಲು, ನಡುವೆ, ಆಮೇಲೆ: ಯಾವಾಗ ಎಷ್ಟು?

ಮೇಲೆ ಹೇಳಿದ ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ ಸಂಸ್ಥೆಯ ಸಲಹೆಯಂತೆ ವ್ಯಾಯಾಮಕ್ಕೆ ಸುಮಾರು ನಾಲ್ಕು ಗಂಟೆ ಮೊದಲು, ತೂಕದ ಪ್ರತಿ ಕಿಲೋಗೆ ಐದರಿಂದ ಏಳು ಮಿಲಿಲೀಟರ್ ನಿಧಾನವಾಗಿ ಕುಡಿಯಬೇಕು. ಅರುವತ್ತು ಕಿಲೋದವರಿಗೆ ಅದು 300ರಿಂದ 420 ಮಿಲಿಲೀಟರ್. ಬೆಳಗ್ಗೆ ಐದೂವರೆಗೆ ಓಡುವವರು ಒಂದೂವರೆಗೆ ಎದ್ದು ನೀರು ಕುಡಿಯುವುದು ನಡೆಯುವ ಮಾತಲ್ಲ. ರಾತ್ರಿಯ ಊಟದ ಜೊತೆ ಒಂದು ಲೋಟ ಮಜ್ಜಿಗೆ, ಎದ್ದ ಕೂಡಲೇ ಒಂದು ದೊಡ್ಡ ಲೋಟ ನೀರು, ಅರ್ಧ ಗಂಟೆ ಬಿಟ್ಟು ಹೊರಡುವುದು, ಇದು ನಮ್ಮ ಗುಂಪಿನಲ್ಲಿ ರೂಢಿಯಾದ ಕ್ರಮ.

ಒಂದು ಗಂಟೆಯೊಳಗಿನ ವ್ಯಾಯಾಮಕ್ಕೆ ನಡುವೆ ನೀರು ಕಡ್ಡಾಯವಲ್ಲ, ಬಾಯಿ ಒಣಗಿದರೆ ನಾಲ್ಕು ಗುಟುಕು ಸಾಕು. ಅದಕ್ಕಿಂತ ದೀರ್ಘವಾದರೆ ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಅರ್ಧ ಲೋಟದಷ್ಟು ಕುಡಿದರೆ ಹೊಟ್ಟೆ ತಡೆದುಕೊಳ್ಳುತ್ತದೆ. ಮುಗಿದ ಮೇಲೆ, ಅದೇ ದಿನ ಮತ್ತೆ ವ್ಯಾಯಾಮ ಇದ್ದರೆ, ಇಳಿದ ಪ್ರತಿ ಕಿಲೋಗೆ ಒಂದೂವರೆ ಲೀಟರ್‌ನಂತೆ ಕೆಲವು ಗಂಟೆಗಳ ಅವಧಿಯಲ್ಲಿ ಕುಡಿಯಬೇಕು. ಕುಡಿದದ್ದರಲ್ಲಿ ಒಂದಷ್ಟು ಮೂತ್ರವಾಗಿ ಹೋಗುವುದರಿಂದ ಈ ಹೆಚ್ಚುವರಿ. ಮರುದಿನ ಬೆಳಗ್ಗೆಯೇ ಮುಂದಿನ ಓಟ ಎನ್ನುವವರು ಇಷ್ಟು ಲೆಕ್ಕ ಇಡಬೇಕಾಗಿಲ್ಲ, ತಿಂಡಿ, ಊಟ, ಬಾಯಾರಿಕೆಗೆ ತಕ್ಕ ನೀರು ಇಷ್ಟರಲ್ಲೇ ಸಂಜೆಯೊಳಗೆ ಸರಿಹೋಗುತ್ತದೆ. ಅತಿಥಿ ಬಂದ ಕೂಡಲೇ ಬೆಲ್ಲದ ತುಂಡು ಮತ್ತು ತಂಬಿಗೆ ನೀರು ಮುಂದಿಡುವ ನಮ್ಮ ಹಿರಿಯರ ಪದ್ಧತಿ, ಬಿಸಿಲಲ್ಲಿ ನಡೆದು ಬಂದವರಿಗಾಗಿಯೇ ಹುಟ್ಟಿದ್ದಿರಬೇಕು.

ಬೆಳಗ್ಗೆ ಜಿಮ್ ಮುಗಿಸಿ ಲೋಕಲ್ ರೈಲಿನಲ್ಲಿ ಒಂದೂಕಾಲು ಗಂಟೆ ಪ್ರಯಾಣ. ನೀರು ಕುಡಿದರೆ ಶೌಚಕ್ಕೆ ಎಲ್ಲಿ ಹೋಗುವುದು?

ಈ ಪ್ರಶ್ನೆ ಕೇಳುವವರು ಹೆಚ್ಚಾಗಿ ಹೆಂಗಸರು. ಮುಂಬಯಿಯಲ್ಲಿ ನೀರಿನ ನಿಜವಾದ ತೊಡಕು ಇಲ್ಲೇ ಇದೆ ಎಂದು ನನಗೆ ತೋರುತ್ತದೆ. ಲೋಕಲ್ ರೈಲಿನಲ್ಲಿ ಶೌಚಾಲಯವಿಲ್ಲ, ನಿಲ್ದಾಣದಲ್ಲಿರುವುದು ಎಲ್ಲ ಹೊತ್ತಿನಲ್ಲೂ ಬಳಸುವ ಸ್ಥಿತಿಯಲ್ಲಿರುವುದಿಲ್ಲ. ಹೀಗಾಗಿ ಬೆಳಗ್ಗೆ ಆರರಿಂದ ಹತ್ತರವರೆಗೆ ಬೇಕೆಂದೇ ಬಾಯಿ ಒಣಗಿಸಿಕೊಳ್ಳುವುದು ಸಾವಿರಾರು ಜನರ ಅಭ್ಯಾಸ. ಶೌಚಾಲಯದ ಹಕ್ಕಿಗಾಗಿ ಈ ನಗರದ ಮಹಿಳೆಯರು ರೈಟ್ ಟು ಪೀ ಎಂಬ ಚಳವಳಿಯನ್ನೇ ನಡೆಸಬೇಕಾಗಿ ಬಂತು. ಬೆವರು ಸುರಿಸಿದ ಮೇಲೆ ಹೀಗೆ ನಾಲ್ಕು ಗಂಟೆ ಒಣಗಿರುವವರಿಗೆ ತಲೆನೋವು, ಮಲಬದ್ಧತೆ, ಉರಿಮೂತ್ರ ಬರುವುದರಲ್ಲಿ ಆಶ್ಚರ್ಯವಿಲ್ಲ. ಪದೇ ಪದೇ ಮೂತ್ರದ ಸೋಂಕು ಆಗುವ ಹೆಂಗಸರಿಗೂ, ಒಮ್ಮೆ ಮೂತ್ರಪಿಂಡದ ಕಲ್ಲು ಆದವರಿಗೂ ನೀರು ಹೆಚ್ಚಿಸಿ ಎಂದು ವೈದ್ಯರು ಹೇಳುವುದು ಬರಿ ಬಾಯಿಮಾತಲ್ಲ. ಕಲ್ಲು ಆದವರಿಗೆ ದಿನಕ್ಕೆ ಕನಿಷ್ಠ ಎರಡೂವರೆ ಲೀಟರ್ ಮೂತ್ರವಾಗುವಷ್ಟು ಕುಡಿಯಬೇಕೆಂಬ ಸಲಹೆಯಿದೆ.

ಹೊತ್ತನ್ನು ಹಂಚಿಕೊಳ್ಳುವುದು ಒಂದು ದಾರಿ. ಒಮ್ಮೆಲೇ ಗಟಗಟನೆ ಕುಡಿದ ನೀರು ಬೇಗ ಮೂತ್ರವಾಗುತ್ತದೆ, ತಿಂಡಿಯ ಜೊತೆ, ಅದರಲ್ಲೂ ಉಪ್ಪಿರುವ ತಿಂಡಿಯ ಜೊತೆ ಕುಡಿದದ್ದು ದೇಹದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಹಾಗಾಗಿ ಜಿಮ್ ಮುಗಿದ ಕೂಡಲೇ ಒಂದು ಲೋಟ, ಮನೆಯಲ್ಲಿ ಇಡ್ಲಿ ಸಾಂಬಾರಿನ ಜೊತೆ ಇನ್ನೊಂದು, ಹೊರಡುವ ಮುನ್ನ ಶೌಚ, ರೈಲಿನಲ್ಲಿ ಗುಟುಕು ಮಾತ್ರ, ಕಚೇರಿ ತಲುಪಿದ ಮೇಲೆ ಉಳಿದದ್ದು. ಡೊಂಬಿವಲಿಯಿಂದ ಬರುವ ನಮ್ಮ ಗುಂಪಿನ ತಂಗಿಯೊಬ್ಬಳು ಕಚೇರಿಯ ಮೇಜಿನ ಮೇಲೆ ಒಂದು ಲೀಟರ್‌ನ ಬಾಟಲಿ ಇಟ್ಟು ಮಧ್ಯಾಹ್ನದೊಳಗೆ ಅದನ್ನು ಖಾಲಿ ಮಾಡುತ್ತಾಳೆ; ಅವಳ ತಲೆನೋವು ಹೋದದ್ದು ಆ ಬಾಟಲಿಯಿಂದ ಎಂದು ಅವಳ ನಂಬಿಕೆ.

ಬಾಯಾರಿಕೆ ಆಗುವಾಗ ಕುಡಿದರೆ ಸಾಕೇ? ತಡವಾಗುವುದಿಲ್ಲವೇ?

ಬಾಯಾರಿಕೆ ಆಯಿತೆಂದರೆ ಆಗಲೇ ಕೆಟ್ಟುಹೋಯಿತು ಎಂಬ ಮಾತು ವ್ಯಾಯಾಮಶಾಲೆಗಳಲ್ಲಿ ಬಹಳ ಕೇಳಿಬರುತ್ತದೆ. ಅದು ಅತಿಶಯೋಕ್ತಿ. ಒಂದು ಗಂಟೆಯ ವ್ಯಾಯಾಮ ಮಾಡುವ ಆರೋಗ್ಯವಂತರಿಗೆ ಬಾಯಾರಿಕೆ ನಂಬತಕ್ಕ ಗೆಳೆಯ. ಅರುವತ್ತು ದಾಟಿದವರಲ್ಲಿ ಬಾಯಾರಿಕೆಯ ಅರಿವು ಮಂಕಾಗುವುದರಿಂದ ಅವರು ಹೊತ್ತು ನೋಡಿ ಕುಡಿಯುವುದು ಮೇಲು. ಆಟದ ಭರದಲ್ಲಿ ಮಕ್ಕಳಿಗೂ ಅದು ಮರೆಯುತ್ತದೆ, ಹತ್ತಿರ ಇರುವ ದೊಡ್ಡವರು ನೆನಪಿಸಬೇಕು.

ಮೂತ್ರದ ಬಣ್ಣ ನೋಡಿ ತಿಳಿಯಬಹುದಂತೆ, ಹೌದೇ?

ಹೌದು, ತಿಳಿ ಹಳದಿ ಇದ್ದರೆ ಸರಿಯಾಗಿದೆ, ಕಡು ಹಳದಿ ಇದ್ದರೆ ನೀರು ಸಾಲದು. ಬೆಳಗಿನ ಮೊದಲ ಮೂತ್ರ ಹೇಗಿದ್ದರೂ ಗಾಢವೇ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಬಿ ಕಾಂಪ್ಲೆಕ್ಸ್ ಮಾತ್ರೆ ನುಂಗಿದವರಿಗೆ ಎಷ್ಟು ನೀರು ಕುಡಿದರೂ ಹಳದಿಯಾಗಿಯೇ ಹೋಗುತ್ತದೆ. ದಿನವಿಡೀ ನೀರಿನಂತೆ ಬೆಳ್ಳಗಿದ್ದರೆ ಅಗತ್ಯಕ್ಕಿಂತ ಹೆಚ್ಚು ಕುಡಿಯುತ್ತಿದ್ದೀರಿ ಎಂದರ್ಥ.

ಹೆಚ್ಚು ನೀರು ಕುಡಿದರೆ ಅಪಾಯವುಂಟೇ?

ಉಂಟು, ಮತ್ತು ದೂರ ಓಡುವವರಿಗೆ ಇದು ಸಣ್ಣ ಅಪಾಯವಲ್ಲ. ಮೂತ್ರಪಿಂಡಗಳು ಗಂಟೆಗೆ ಹೊರಹಾಕಬಲ್ಲದ್ದು ಹೆಚ್ಚೆಂದರೆ ಸುಮಾರು ಒಂದು ಲೀಟರ್. ದೀರ್ಘ ಓಟದ ಹೊತ್ತಿನಲ್ಲಿ ಅದೂ ಕುಗ್ಗುತ್ತದೆ. ಅದಕ್ಕಿಂತ ವೇಗವಾಗಿ ಕುಡಿಯುತ್ತಾ ಹೋದರೆ ರಕ್ತದ ಸೋಡಿಯಂ ತೆಳುವಾಗುತ್ತದೆ, ನೀರು ಜೀವಕೋಶಗಳೊಳಗೆ ನುಗ್ಗಿ ಮಿದುಳು ಊದಿಕೊಳ್ಳುತ್ತದೆ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ 28 ವರ್ಷದ ಓಟಗಾರ್ತಿಯೊಬ್ಬರು ಹೀಗೆಯೇ ತೀರಿಕೊಂಡರು. ಆ ಓಟದಲ್ಲಿ 488 ಮಂದಿಯ ರಕ್ತ ಪರೀಕ್ಷಿಸಿದ ಸಂಶೋಧಕರು 2005ರಲ್ಲಿ ಪ್ರಕಟಿಸಿದ ವರದಿಯಂತೆ ನೂರಕ್ಕೆ ಹದಿಮೂರು ಮಂದಿಯ ಸೋಡಿಯಂ ಇರಬೇಕಾದುದಕ್ಕಿಂತ ಕಡಿಮೆಯಿತ್ತು. ಅಂಥವರಲ್ಲಿ ಮುಖ್ಯವಾಗಿ ಕಂಡ ಲಕ್ಷಣವೆಂದರೆ, ಓಟ ಮುಗಿಸಿದಾಗ ಅವರ ತೂಕ ಹೆಚ್ಚಿತ್ತು. ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ನಿಧಾನವಾಗಿ ಓಡುತ್ತಾ ಸಿಕ್ಕ ಸಿಕ್ಕಲ್ಲಿ ಕುಡಿದವರಿಗೆ ಈ ತೊಂದರೆ ಹೆಚ್ಚು.

ನನಗೂ ಇದರ ಬಿಸಿ ತಟ್ಟಿದೆ. ಮೊದಲ ಅರ್ಧ ಮ್ಯಾರಥಾನ್‌ನಲ್ಲಿ, ಸೆಕೆಗೆ ಹೆದರಿ, ನೀರಿನ ಮೇಜು ಕಂಡಲ್ಲೆಲ್ಲ ಎರಡೆರಡು ಲೋಟ ಕುಡಿದೆ. ಹದಿನೆಂಟನೆಯ ಕಿಲೋಮೀಟರ್ ಹೊತ್ತಿಗೆ ಬೆರಳುಗಳು ಊದಿ ಉಂಗುರ ಬಿಗಿಯಾಗಿತ್ತು, ವಾಕರಿಕೆ ಬರುತ್ತಿತ್ತು. ಸುಸ್ತಾಗಿದೆ ಎಂದುಕೊಂಡು ಮತ್ತೆ ನೀರನ್ನೇ ಕುಡಿದೆ. ಮನೆಗೆ ಬಂದು ತೂಕ ನೋಡಿದರೆ ಬೆಳಗಿಗಿಂತ ಮುಕ್ಕಾಲು ಕಿಲೋ ಹೆಚ್ಚಿತ್ತು. ಮಧ್ಯಾಹ್ನದೊಳಗೆ ನಾಲ್ಕೈದು ಬಾರಿ ಮೂತ್ರವಾಗಿ ಎಲ್ಲ ಸರಿಹೋಯಿತು, ಆದರೆ ತಲೆನೋವು ಮರುದಿನದವರೆಗೂ ಇತ್ತು. ಓಡುತ್ತಾ ತೂಕ ಹೆಚ್ಚುವುದೆಂದರೆ ಅಗತ್ಯ ಮೀರಿ ಕುಡಿದಿದ್ದೇವೆ ಎಂದೇ ಅರ್ಥ. ಓಟದ ನಂತರ ಗೊಂದಲದ ಮಾತು, ತೀವ್ರ ತಲೆನೋವು, ನಿಲ್ಲದ ವಾಂತಿ ಕಂಡರೆ ನೀರು ಕುಡಿಸಲು ಹೋಗದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಓಆರ್‌ಎಸ್, ಎಳನೀರು, ಕ್ರೀಡಾ ಪಾನೀಯ: ಯಾವುದು ಬೇಕು?

ಒಂದು ಗಂಟೆಯೊಳಗಿನ ವ್ಯಾಯಾಮಕ್ಕೆ ಇದಾವುದೂ ಬೇಡ, ನೀರು ಸಾಕು. ಒಂದು ಲೀಟರ್ ಬೆವರಿನಲ್ಲಿ ಸಾಮಾನ್ಯವಾಗಿ ಅರ್ಧದಿಂದ ಒಂದೂವರೆ ಗ್ರಾಂವರೆಗೆ ಸೋಡಿಯಂ ಹೋಗುತ್ತದೆ. ಒಂದು ಚಹಾ ಚಮಚ, ಅಂದರೆ ಐದು ಗ್ರಾಂ ಉಪ್ಪಿನಲ್ಲಿ ಸುಮಾರು ಎರಡು ಗ್ರಾಂ ಸೋಡಿಯಂ ಇರುತ್ತದೆ. ದಿನಕ್ಕೆ ಅಷ್ಟಕ್ಕಿಂತ ಕಡಿಮೆ ಇರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಉಪ್ಪಿನಕಾಯಿ, ಹಪ್ಪಳ, ಸಾರು ಇರುವ ನಮ್ಮ ಊಟದಲ್ಲಿ ಆ ಪ್ರಮಾಣ ಮೀರುವುದೇ ಹೆಚ್ಚು. ಹಾಗಾಗಿ ಅರ್ಧ ಗಂಟೆ ನಡೆದು ಬಂದು ಉಪ್ಪಿನ ಪಾನೀಯ ಕುಡಿಯುವುದು, ಅದರಲ್ಲೂ ರಕ್ತದೊತ್ತಡ ಇರುವವರು ಕುಡಿಯುವುದು, ಜಾಣತನವಲ್ಲ. ಒಂದೂವರೆ ಗಂಟೆ ಮೀರಿದ ಓಟ, ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ ಕಾನ್ಹೇರಿ ಗುಹೆಗಳವರೆಗೆ ಸೈಕಲ್ ತುಳಿಯುವುದು, ಬಿಸಿಲಿನಲ್ಲಿ ಚಾರಣ, ಇಂಥವಕ್ಕೆ ಉಪ್ಪೂ ಸ್ವಲ್ಪ ಸಕ್ಕರೆಯೂ ಬೇಕು. ಬೆವರು ಆರಿದ ಮೇಲೆ ಟೋಪಿಯ ಅಂಚಿನಲ್ಲಿ ಬಿಳಿ ಗೆರೆ ಮೂಡುವವರಿಗೆ ಇನ್ನೂ ಸ್ವಲ್ಪ ಹೆಚ್ಚು.

ಓಆರ್‌ಎಸ್ ಹುಟ್ಟಿದ್ದು ವಾಂತಿಭೇದಿಗಾಗಿ. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಾಲನಬೀಸ್ ಅವರು ಉಪ್ಪು ಸಕ್ಕರೆಯ ದ್ರಾವಣವನ್ನು ದೊಡ್ಡ ಪ್ರಮಾಣದಲ್ಲಿ ಬಳಸಿ ಅಸಂಖ್ಯ ಜೀವ ಉಳಿಸಿದರು. ಈಗಿನ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಒಂದು ಲೀಟರ್‌ಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್ ಇರುತ್ತದೆ. ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಕಲಸಬೇಕು, ಅಂದಾಜಿನಲ್ಲಿ ಅರ್ಧ ಪುಡಿ ಹಾಕಕೂಡದು. ಅಂಗಡಿಯಲ್ಲಿ ಅದೇ ಹೆಸರಿನ ನೆರಳಿನಲ್ಲಿ ಮಾರುತ್ತಿದ್ದ ಸಿಹಿ ಪಾನೀಯಗಳ ಮೇಲೆ ಓಆರ್‌ಎಸ್ ಎಂಬ ಪದವನ್ನು ಬಳಸಬಾರದೆಂದು ಭಾರತದ ಆಹಾರ ಸುರಕ್ಷಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿತು. ಕೊಳ್ಳುವಾಗ ಸೂತ್ರ ಓದಿ.

ಎಳನೀರು, ಅಂದರೆ ನಮ್ಮ ಬೊಂಡ, ರುಚಿಗೆ ಸಾಟಿಯಿಲ್ಲದ್ದು. ಅದರಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೋಗುವುದು ಹೆಚ್ಚಾಗಿ ಸೋಡಿಯಂ. ಆದ್ದರಿಂದ ದೀರ್ಘ ಓಟದ ನಂತರ ಬೊಂಡ ಕುಡಿದರೆ ಜೊತೆಗೆ ಉಪ್ಪಿರುವ ತಿಂಡಿಯನ್ನೂ ತಿನ್ನಬೇಕು. ನನ್ನ ಆಯ್ಕೆ ನೀರುಮಜ್ಜಿಗೆ: ಒಂದು ಸೌಟು ಮೊಸರಿಗೆ ಮೂರು ಪಾಲು ನೀರು, ಚಿಟಿಕೆ ಉಪ್ಪು, ಜಜ್ಜಿದ ಶುಂಠಿ, ಕರಿಬೇವು. ಬೇಸಿಗೆಯಲ್ಲಿ ಪುನರ್ಪುಳಿ ಶರಬತ್ತಿಗೆ ಉಪ್ಪು ಬೆಲ್ಲ ಹಾಕಿದರೆ ಅದೂ ಒಳ್ಳೆಯದೇ. ಕುಚ್ಚಲಕ್ಕಿ ಗಂಜಿಯ ತಿಳಿಗೆ ಉಪ್ಪು ಹಾಕಿ ಕುಡಿಯುತ್ತಿದ್ದ ನಮ್ಮ ಅಜ್ಜಂದಿರು ಗದ್ದೆಯಲ್ಲಿ ಬೆವರಿದಷ್ಟು ನಾವು ಯಾರೂ ಬೆವರಿಲ್ಲ.

ಚಹಾ, ಕಾಫಿ ಕುಡಿದರೆ ನೀರು ನಷ್ಟವಾಗುತ್ತದೆಯೇ?

ದಿನಕ್ಕೆ ಎರಡು ಮೂರು ಲೋಟ ಕುಡಿದು ರೂಢಿಯಿರುವವರಿಗೆ ಅಂಥ ನಷ್ಟವೇನೂ ಇಲ್ಲ, ಅದನ್ನೂ ನೀರಿನ ಲೆಕ್ಕಕ್ಕೆ ಸೇರಿಸಬಹುದು. ಓಟ ಮುಗಿಸಿ ಉಡುಪಿ ಹೋಟೆಲಿನಲ್ಲಿ ಫಿಲ್ಟರ್ ಕಾಫಿ ಕುಡಿಯುವುದನ್ನು ನಿಲ್ಲಿಸಬೇಕಾಗಿಲ್ಲ, ನಾವಂತೂ ನಿಲ್ಲಿಸಿಲ್ಲ. ಮದ್ಯದ ವಿಷಯ ಬೇರೆ. ಅದು ಮೂತ್ರವನ್ನು ಹೆಚ್ಚಿಸುತ್ತದೆ.

ತಣ್ಣೀರೋ ಬಿಸಿನೀರೋ? ನಿಂತು ಕುಡಿದರೆ ಮಂಡಿ ನೋವು ಬರುತ್ತದಂತೆ?

ವ್ಯಾಯಾಮದ ನಡುವೆ ತಣ್ಣಗಿನ ನೀರು ಬಾಯಿಗೆ ಹಿತ, ಹಿತವಾದ್ದರಿಂದ ಸಾಕಷ್ಟು ಒಳಹೋಗುತ್ತದೆ, ಅಷ್ಟೇ. ಬಿಸಿನೀರು ಇಷ್ಟವಿದ್ದವರು ಅದನ್ನೇ ಕುಡಿಯಲಿ. ನಿಂತು ಕುಡಿದ ನೀರು ಮಂಡಿಗೆ ಇಳಿಯುವುದಿಲ್ಲ. ಅಲ್ಲಿಗೆ ಹೋಗುವ ದಾರಿಯೇ ಇಲ್ಲ.

ಹೆಚ್ಚು ಬೆವರಿದರೆ ತೂಕ ಇಳಿಯುತ್ತದಲ್ಲವೇ? ನೀರು ಕುಡಿದು ಅದನ್ನು ಹಾಳು ಮಾಡಿಕೊಳ್ಳುವುದೇಕೆ?

ಇಳಿಯುವುದು ನೀರಿನ ತೂಕ, ಕೊಬ್ಬಿನದ್ದಲ್ಲ. ಮೈಗೆ ಪ್ಲಾಸ್ಟಿಕ್ ಅಂಗಿ ತೊಟ್ಟು ಟ್ರೆಡ್‌ಮಿಲ್ ಮೇಲೆ ಓಡುವ ಯುವಕರನ್ನು ಈಗಲೂ ಕಾಣುತ್ತೇನೆ. ಬೆವರು ಆರಲು ದಾರಿಯನ್ನೇ ಮುಚ್ಚಿದ ಮೇಲೆ ಮೈಯ ಶಾಖ ಏರದೆ ಇನ್ನೇನಾದೀತು? ನೀರು ಚೆನ್ನಾಗಿ ಕುಡಿದವರಿಗೂ ಉಷ್ಣಾಘಾತ ಆಗಬಹುದು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ವ್ಯಾಯಾಮ ಮಾಡುತ್ತಿದ್ದವರು ತೂರಾಡಿದರೆ, ಅಸಂಬದ್ಧ ಮಾತಾಡಿದರೆ, ಮೈ ಕೆಂಡದಂತಿದ್ದರೆ, ಬೆವರು ಬರುತ್ತಿದ್ದರೂ ಸರಿಯೇ, ನೆರಳಿಗೆ ತಂದು ಮೈಮೇಲೆ ತಣ್ಣೀರು ಸುರಿದು ಗಾಳಿ ಬೀಸುತ್ತಾ 108ಕ್ಕೆ ಕರೆ ಮಾಡಬೇಕು. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಕೂಡದು.

ಹೃದಯ, ಮೂತ್ರಪಿಂಡ, ರಕ್ತದೊತ್ತಡದ ತೊಂದರೆ ಇರುವವರಿಗೂ ಇದೇ ಲೆಕ್ಕವೇ?

ಅಲ್ಲ. ಹೃದಯ ವೈಫಲ್ಯ ಇರುವವರಿಗೂ ಮೂತ್ರಪಿಂಡ ಕುಂದಿದವರಿಗೂ ವೈದ್ಯರು ದಿನದ ನೀರಿಗೆ ಮಿತಿ ಹಾಕಿರುತ್ತಾರೆ, ಆ ಮಿತಿಯೇ ಅವರಿಗೆ ಅಂತಿಮ. ಅಂಥವರಿಗೆ ಎಳನೀರಿನ ಪೊಟ್ಯಾಸಿಯಂ ಕೂಡ ತೊಂದರೆ ಕೊಡಬಹುದು. ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರು ಸೆಕೆಯಲ್ಲಿ ವ್ಯಾಯಾಮ ಆರಂಭಿಸುವ ಮುನ್ನ ತಮ್ಮ ವೈದ್ಯರನ್ನು ಕೇಳಲೇಬೇಕು. ಸಕ್ಕರೆ ಕಾಯಿಲೆಯವರಿಗೆ ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ ಕಂಡರೆ ಅದನ್ನು ವ್ಯಾಯಾಮದ ಫಲವೆಂದು ತಳ್ಳಿಹಾಕದೆ ರಕ್ತದ ಸಕ್ಕರೆ ನೋಡಿಸಿಕೊಳ್ಳಬೇಕು.

ಏಕಾದಶಿ, ರಂಜಾನ್ ಉಪವಾಸದ ದಿನ ವ್ಯಾಯಾಮ ಮಾಡಬಹುದೇ?

ನೀರು ಕುಡಿಯುವ ಉಪವಾಸವಾದರೆ ಲಘುವಾಗಿ ಮಾಡಬಹುದು. ನಿರ್ಜಲ ಉಪವಾಸದ ದಿನ ಬೆಳಗಿನ ಓಟ ಬೇಡ, ಏಕೆಂದರೆ ಹೋದದ್ದನ್ನು ತುಂಬಲು ಇಡೀ ದಿನ ಅವಕಾಶವಿರುವುದಿಲ್ಲ. ನಮ್ಮ ಗುಂಪಿನಲ್ಲಿ ರಂಜಾನ್ ಆಚರಿಸುವ ಭಟ್ಕಳದ ಗೆಳೆಯರು ಆ ತಿಂಗಳು ಇಫ್ತಾರ್ ಮುಗಿಸಿ ಒಂದೆರಡು ಗಂಟೆಯ ನಂತರ ನಡೆಯುತ್ತಾರೆ, ಮಲಗುವವರೆಗೆ ಸ್ವಲ್ಪ ಸ್ವಲ್ಪವೇ ನೀರು ಕುಡಿಯುತ್ತಾರೆ. ಅದು ಸರಿಯಾದ ಕ್ರಮ.

ನಲ್ಲಿಯ ನೀರನ್ನೇ ಬಾಟಲಿಗೆ ತುಂಬಿಸಿಕೊಳ್ಳಬಹುದೇ? ಬಾಟಲಿ ಎಂಥದ್ದಿರಬೇಕು?

ಭಾತ್ಸಾ, ತಾನ್ಸಾ, ವೈತರಣಾ ಮೊದಲಾದ ಏಳು ಜಲಾಶಯಗಳಿಂದ ಬರುವ ನೀರನ್ನು ಮಹಾನಗರ ಪಾಲಿಕೆ ಶುದ್ಧೀಕರಿಸಿಯೇ ಕಳಿಸುತ್ತದೆ. ತೊಂದರೆ ಬರುವುದು ಹಳೆಯ ಕೊಳವೆಗಳಲ್ಲಿ ಮತ್ತು ಕಟ್ಟಡದ ಟ್ಯಾಂಕಿನಲ್ಲಿ. ಮಳೆಗಾಲದಲ್ಲಿ ಕುದಿಸಿ ಆರಿಸಿದ ನೀರನ್ನೇ ಒಯ್ಯಿರಿ. ಭೇದಿ ಹಿಡಿದರೆ ಒಂದು ತಿಂಗಳ ಅಭ್ಯಾಸ ಮೂರು ದಿನದಲ್ಲಿ ಹೋಗುತ್ತದೆ. ಬಾಟಲಿ ಸ್ಟೀಲಿನದಾಗಲಿ ಪ್ಲಾಸ್ಟಿಕ್ಕಿನದಾಗಲಿ, ಒಳಗೆ ಕೈ ಅಥವಾ ಬ್ರಷ್ ಹೋಗುವಷ್ಟು ಬಾಯಿ ಅಗಲವಿರಲಿ, ಮುಚ್ಚಳದ ರಬ್ಬರ್ ಬಳೆಯನ್ನು ವಾರಕ್ಕೊಮ್ಮೆ ತೆಗೆದು ತೊಳೆಯಿರಿ, ಲೋಳೆ ಕಟ್ಟುವುದು ಅಲ್ಲೇ. ತಾಮ್ರದ ಬಾಟಲಿ ಇಷ್ಟಪಡುವವರು ಅದರಲ್ಲಿ ನೀರನ್ನು ಮಾತ್ರ ತುಂಬಬೇಕು. ಮಜ್ಜಿಗೆ, ಲಿಂಬೆ ಶರಬತ್ತು, ಪುನರ್ಪುಳಿಯಂಥ ಹುಳಿ ಪದಾರ್ಥ ಹಾಕಿದರೆ ತಾಮ್ರ ಬಿಟ್ಟುಕೊಂಡು ಹೊಟ್ಟೆ ತೊಳಸುತ್ತದೆ, ಅವಕ್ಕೆ ಸ್ಟೀಲಿನ ಬಾಟಲಿಯೇ ಸರಿ.